ಹಳೇ ಟ್ರ್ಯಾಕ್ಟರಿನ ಹಿಂಬದಿಗೆ ಏನು ಹಾಕಿಸಬೇಕು: ಬರೇ ಡ್ರಾಬಾರೋ, ಡ್ರಾಫ್ಟ್ ಲಿಫ್ಟೋ, ಕ್ವಿಕ್ ಹಿಚ್ಚೋ?

ಹಿಂಗಾರಿ ಕಡಲೆ ರಾಶಿ ಮುಗಿದು ಹೊಲ ಬರಿದಾದ ಮೇಲೆ ನಮ್ಮ ಅಕ್ಕನ ಮಗ ಒಂದು ಹಳೇ ಮ್ಯಾಸಿ (ಮ್ಯಾಸಿ ಫರ್ಗ್ಯೂಸನ್) 1035 ಕೊಂಡು ತಂದ. 1980ರ ದಶಕದ ಗಾಡಿ, ನರಗುಂದದ ಕಡೆ ದುಡಿದದ್ದು. ಎಂಜಿನ್ ಶಬ್ದ ಚೊಕ್ಕ ಇತ್ತು, ಗೇರು ಸಲೀಸಾಗಿ ಬೀಳುತ್ತಿದ್ದವು. "ಹೆಂಗೈತಿ ನೋಡ್ರಿ ಮಾಮಾ" ಅಂದ. ನಾನು ಬಾನೆಟ್ ಬಿಟ್ಟು ಸೀದಾ ಹಿಂದಕ್ಕೆ ಹೋದೆ. ಹಳೇ ಗಾಡಿಯ ಆಯುಷ್ಯ ಎಂಜಿನ್ನಿನಲ್ಲಿ ಇರಬಹುದು, ಅದರ ದುಡಿಮೆ ಮಾತ್ರ ಹಿಂಬದಿಯಲ್ಲಿರುತ್ತದೆ.

ನೇಗಿಲು, ಟಿಲ್ಲರಿನಂಥ ಸಾಮಾನು ಹಿಡಿದೆತ್ತುವ ಕೆಳಗಿನ ಎರಡು ತೋಳುಗಳೇ ಲೋವರ್ ಲಿಂಕು, ಅವುಗಳ ತುದಿಯಲ್ಲಿ ಪಿನ್ ಕೂರುವ ತೂತಿನ ಗುಂಡೇ ಬಾಲ್. ಎಡಗಡೆಯ ಲೋವರ್ ಲಿಂಕಿನ ಬಾಲ್ 22 ಮಿಲಿಮೀಟರಿನದು, ಬಲಗಡೆಯದು 28ರದು. ಆ ದೊಡ್ಡ ತೂತಿನೊಳಗೆ ನೀರಿನ ಪೈಪಿನ ತುಂಡೊಂದನ್ನು ತುರುಕಿ ಸರಿದೂಗಿಸಿದ್ದರು. ಒಂದು ಕಡೆ ತೋಳು ಅತ್ತಿತ್ತ ಓಲಾಡದಂತೆ ಹಿಡಿಯುವ ಚೆಕ್ ಚೈನ್ ಇದೆ, ಇನ್ನೊಂದು ಕಡೆ ಬೇಲಿ ತಂತಿ ಸುತ್ತಿದೆ. ಮೇಲಿನ ತೋಳು, ಅಂದರೆ ಟಾಪ್ ಲಿಂಕ್, ಕೂಡುವ ಕೊಂಡಿಯ ಪಕ್ಕದಲ್ಲೇ ಯಾರೋ ಹೆಬ್ಬೆರಳು ದಪ್ಪದ ಹುಕ್ಕೊಂದನ್ನು ವೆಲ್ಡಿಂಗ್ ಮಾಡಿ ಕೂರಿಸಿದ್ದರು. ಕೆಸರಿನಲ್ಲಿ ಸಿಕ್ಕ ಟ್ರೇಲರ್ ಎಳೆಯಲಿಕ್ಕಂತೆ. ಅದನ್ನು ಕಂಡು ನನಗೆ ಎದೆ ಝಲ್ಲೆಂದಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹುಡುಗ ಅಷ್ಟರಲ್ಲಿ ನಾಲ್ಕು ಮಂದಿಯನ್ನು ಕೇಳಿ ನಾಲ್ಕು ಸಲಹೆ ತಂದಿದ್ದ. ಎಲ್ಲಾ ಬಿಚ್ಚಿ ಹಾಕಿ ಟ್ರೇಲರ್ ಎಳೆಯುವ ಪಟ್ಟಿ, ಅಂದರೆ ಡ್ರಾಬಾರ್ ಒಂದೇ ಇಟ್ಟುಕೋ, ಬಾಡಿಗೆಗೆ ಟ್ರೇಲರ್ ಹೊಡಿ, ಅಂದವರೊಬ್ಬರು. ದೊಡ್ಡ ಗಾಡಿಯ ತೋಳು ತಂದು ಕೂರಿಸು ಅಂದವರೊಬ್ಬರು. ಕ್ವಿಕ್ ಹಿಚ್ ಹಾಕಿಸಿದರೆ ಒಬ್ಬನೇ ನಿಮಿಷದಲ್ಲಿ ಸಾಮಾನು ಜೋಡಿಸಬಹುದು ಅಂದವರು ಇನ್ನೊಬ್ಬರು. ಲಿಫ್ಟ್ ಬಿಚ್ಚಿ ನೋಡಿದ ಮಿಸ್ತ್ರಿಯ ಮಾತು ಬೇರೆ: "ಡ್ರಾಫ್ಟ್ ಯಾಕ್ ಬೇಕ್ರಿ, ಅದನ್ನ ಕಟ್ ಮಾಡಿ ಪೊಸಿಷನ್ ಅಷ್ಟ ಇಟ್ಟಕೊಡ್ತೀನಿ. ಕಿರಿಕಿರಿ ಇರಂಗಿಲ್ಲ." ಡ್ರಾಫ್ಟ್ ಅಂದರೆ ಮಣ್ಣಿನ ತಡೆ ನೋಡಿ ಲಿಫ್ಟ್ ತಾನೇ ನೇಗಿಲನ್ನು ಎತ್ತಿಳಿಸುವುದು, ಪೊಸಿಷನ್ ಅಂದರೆ ಲಿವರ್ ಇಟ್ಟಲ್ಲೇ ತೋಳು ನಿಲ್ಲುವುದು.

ಇದೇ ನಾಲ್ಕು ದಾರಿಗಳ ಮುಂದೆ ನಿಂತಿರುವವರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ. ಹಳೇ ಮ್ಯಾಸಿ, ಬಿ-275, ಫೋರ್ಡ್ 3600, ಎಚ್‌ಎಂಟಿ ಇನ್ನೂ ಊರೂರಿನಲ್ಲಿ ದುಡಿಯುತ್ತಿವೆ. ಎಚ್‌ಎಂಟಿ ಟ್ರ್ಯಾಕ್ಟರ್ ತಯಾರಿಕೆ 2016ರಲ್ಲೇ ನಿಂತಿದ್ದರೂ ನಮ್ಮಲ್ಲಿ ಅದರ ದುಡಿಮೆ ನಿಂತಿಲ್ಲ. ಅವುಗಳನ್ನು ಇಟ್ಟುಕೊಂಡವರಿಗಾಗಿ ಈ ಬರಹ.

ಮೇಳಿ ಹಿಡಿದ ಕೈ

ಎತ್ತು ಕಟ್ಟಿ ರಂಟೆ ಹೊಡೆದವರಿಗೆ ಟ್ರ್ಯಾಕ್ಟರಿಗೆ ಸಾಮಾನು ಕೂಡಿಸುವ ಹಿಚ್ ಅರ್ಥವಾಗಲು ತಡವಾಗುವುದಿಲ್ಲ. ನಮ್ಮಪ್ಪ ಈಸಿಗೂ (ರಂಟೆಯ ಉದ್ದ ಮರ) ನೊಗಕ್ಕೂ ಮಿಣಿ (ಹಗ್ಗ) ಬಿಗಿಯುವಾಗ ನಾಲ್ಕು ಬೆರಳು ಮುಂದೆ, ನಾಲ್ಕು ಬೆರಳು ಹಿಂದೆ ಅಂತ ಅಳೆದು ಬಿಗಿಯುತ್ತಿದ್ದ. ನೊಗ ರಂಟೆಗೆ ಹತ್ತಿರವಾದರೆ ಎಳೆತ ಮೇಲ್ಮುಖವಾಗಿ ರಂಟೆ ತೇಲುತ್ತದೆ, ದೂರವಾದರೆ ಆಳಕ್ಕೆ ಇಳಿಯುತ್ತದೆ. ಅದು ಬೆಳಿಗ್ಗೆ ಒಮ್ಮೆ ಮಾಡುವ ಕೆಲಸ. ಇಡೀ ದಿನ ನಡೆಯುವ ಕೆಲಸ ಮೇಳಿ, ಅಂದರೆ ರಂಟೆಯ ಹಿಡಿಕೆ, ಹಿಡಿದ ಕೈಯದು. ಗಟ್ಟಿ ಜಾಗ ಬಂದು ಎತ್ತು ಬಾಗಿದವು ಅನ್ನಿಸಿದ ಕೂಡಲೇ ಆ ಕೈ ಒಂದಿಷ್ಟು ಎತ್ತಿಕೊಡುತ್ತಿತ್ತು, ಮೆತ್ತಗಾದ ಕೂಡಲೇ ಮತ್ತೆ ಒತ್ತುತ್ತಿತ್ತು. ಅದನ್ನು ಯಾರೂ ಕಲಿಸುತ್ತಿರಲಿಲ್ಲ, ನೋಡಿ ನೋಡಿ ಬರುತ್ತಿತ್ತು.

ಟ್ರ್ಯಾಕ್ಟರ್ ಬಂದ ಹೊಸದರಲ್ಲಿ ಈ ಎರಡೂ ಕಳೆದುಹೋಗಿದ್ದವು. 1917ರಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂದಾಗ ನೇಗಿಲನ್ನು ಹಿಂದೆ ಗಾಡಿ ಕಟ್ಟಿದ ಹಾಗೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬೇರಿಗೋ ಕಲ್ಲಿಗೋ ಸಿಕ್ಕರೆ ಹಿಂದಿನ ಗಾಲಿ ನೆಲ ಕಚ್ಚಿ ನಿಲ್ಲುತ್ತಿತ್ತು, ಮುಂದಿನ ಭಾಗ ಮೇಲೆದ್ದು ಗಾಡಿ ಚಾಲಕನ ಮೇಲೆಯೇ ಮಗುಚುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಅದೇ ವರ್ಷ ಅಲ್ಲಿನ ಕೃಷಿ ಮಂಡಳಿಗಾಗಿ ಟ್ರ್ಯಾಕ್ಟರ್ ಉಳುಮೆಯನ್ನು ಹೊಲ ಹೊಲ ತಿರುಗಿ ನೋಡಿದ. ನೇಗಿಲು ಬೇರೆ, ಗಾಡಿ ಬೇರೆ ಆಗಿದ್ದರೆ ಈ ಕಾಟ ತಪ್ಪದು, ಎರಡೂ ಒಂದೇ ಮೈ ಆಗಬೇಕು ಎಂಬುದು ಅವನಿಗೆ ಹೊಳೆದ ಸಂಗತಿ. 1926ರ ಹೊತ್ತಿಗೆ ಹೈಡ್ರಾಲಿಕ್ ಡ್ರಾಫ್ಟ್ ನಿಯಂತ್ರಣದ ಪೇಟೆಂಟ್ ಅವನ ಕೈಯಲ್ಲಿತ್ತು. ಆ ವ್ಯವಸ್ಥೆಯ ಗಾಡಿಗಳು ಒಂದರ ಹಿಂದೊಂದು ಬಂದವು: 1936ರಲ್ಲಿ ಫರ್ಗ್ಯೂಸನ್-ಬ್ರೌನ್, 1939ರಲ್ಲಿ ಹೆನ್ರಿ ಫೋರ್ಡ್ ಜೊತೆಗಿನ 9ಎನ್, 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಟಿಇ20. ನಮ್ಮ ಅಂಗಳದಲ್ಲಿ ನಿಂತಿದ್ದ 1035 ಅದೇ ವಂಶದ ಗಾಡಿ. 1960ರಲ್ಲಿ ಶುರುವಾದ ಮದರಾಸಿನ ಟಾಫೆ ಕಂಪನಿ ಮೂಲಕ ನಮ್ಮ ಕಡೆ ಬಂದದ್ದು.

ಕೆಳಗೆ ಎರಡು ತೋಳು, ಮೇಲೆ ಒಂದು ತೋಳು. ನೇಗಿಲಿಗೆ ಮಣ್ಣಿನ ತಡೆ ಹೆಚ್ಚಾದರೆ ಅದು ಮುಂದಕ್ಕೆ ಮಗುಚಲು ನೋಡುತ್ತದೆ, ಆಗ ಮೇಲಿನ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ. ಆ ಒತ್ತಡ ಒಂದು ದಪ್ಪ ಸ್ಪ್ರಿಂಗನ್ನು ತಳ್ಳಿ ಎಣ್ಣೆಯ ವಾಲ್ವ್ ತೆರೆಸುತ್ತದೆ, ನೇಗಿಲು ಒಂದಿಷ್ಟು ಏಳುತ್ತದೆ. ತಡೆ ಕಡಿಮೆಯಾದರೆ ಮತ್ತೆ ಇಳಿಯುತ್ತದೆ. ಮೇಳಿ ಹಿಡಿದ ಕೈ ಮಾಡುತ್ತಿದ್ದುದೂ ಇಷ್ಟೇ. ನೇಗಿಲು ಬಂಡೆಗೆ ಹೊಡೆದು ಒತ್ತಡ ವಿಪರೀತವಾದರೆ ಫರ್ಗ್ಯೂಸನ್ ವ್ಯವಸ್ಥೆ ಇನ್ನೊಂದು ಕೆಲಸ ಮಾಡುತ್ತದೆ: ಎಣ್ಣೆಯನ್ನು ಬಿಟ್ಟುಬಿಡುತ್ತದೆ. ನೇಗಿಲಿನ ಭಾರ ಹಿಂದಿನ ಗಾಲಿಯ ಮೇಲಿಂದ ಇಳಿದು ಗಾಲಿ ನಿಂತಲ್ಲೇ ತಿರುಗುತ್ತದೆ, ಗಾಡಿ ಮಗುಚುವುದಿಲ್ಲ.

ಫರ್ಗ್ಯೂಸನ್ ಪೇಟೆಂಟಿನ ದೆಸೆಯಿಂದ ಅಮೆರಿಕದ ಕಂಪನಿಗಳು ತಮ್ಮ ತಮ್ಮ ದಾರಿ ಹುಡುಕಿಕೊಂಡವು. ಇಂಟರ್‌ನ್ಯಾಶನಲ್ ಹಾರ್ವೆಸ್ಟರ್‌ನ ಫಾಸ್ಟ್ ಹಿಚ್‌ನಲ್ಲಿ ಎರಡು ಗೂಡುಗಳಿಗೆ ಸಾಮಾನಿನ ಎರಡು ಕೋಲು ಸೇರಿ ತಾನೇ ಕಚ್ಚಿಕೊಳ್ಳುತ್ತಿದ್ದವು. ಅಲಿಸ್-ಚಾಲ್ಮರ್ಸ್‌ನ ಸ್ನ್ಯಾಪ್ ಕಪ್ಲರ್‌ನಲ್ಲಿ ಗಾಡಿಯ ಹೊಟ್ಟೆಯ ಕೆಳಗೆ ಗಂಟೆಯಾಕಾರದ ಒಂದೇ ಬಾಯಿ. ಕೇಸ್ ಕಂಪನಿಯದು ಈಗಲ್ ಹಿಚ್. ಜಾಣತನದ ಕೆಲಸಗಳೇ, ಆದರೆ ಒಂದರ ಸಾಮಾನು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕೊನೆಗೆ ಎಲ್ಲರೂ ಮೂರು ತೋಳಿಗೇ ಬಂದರು. ಹುಬ್ಬಳ್ಳಿಯ ಅಂಗಡಿಯಲ್ಲಿ ಇವತ್ತು ಕೊಂಡ ಟಿಲ್ಲರ್ ನಲವತ್ತು ವರ್ಷದ ಹಳೇ ಗಾಡಿಗೆ ಹೊಂದುವುದು ಆ ಕಾರಣಕ್ಕೆ.

ಬರೇ ಡ್ರಾಬಾರ್

ಹೊಲದ ಕೆಲಸವೇ ಇಲ್ಲ, ಹತ್ತಿಯನ್ನೋ ಗೋವಿನಜೋಳವನ್ನೋ ಅಮರಗೋಳದ ಎಪಿಎಂಸಿಗೆ ಒಯ್ಯುವುದಷ್ಟೇ ಅನ್ನುವವರಿಗೆ ಇದು ಸಾಕು. ಖರ್ಚು ಕಡಿಮೆ, ಕೆಡುವ ಭಾಗ ಕಡಿಮೆ. ಡ್ರಾಬಾರ್ ತಿರುಗುವಂಥದಾಗಿದ್ದರೆ ಟ್ರೇಲರ್ ಕಟ್ಟುವಾಗ ಅದನ್ನು ನಡುವಿನ ತೂತಿಗೆ ಪಿನ್ ಹಾಕಿ ನಿಲ್ಲಿಸಬೇಕು, ಪಿನ್ ಎದ್ದು ಬರದಂತೆ ಹಿಡಿಯುವ ಲಿಂಚ್ ಪಿನ್ ಇರಲೇಬೇಕು.

ಎರಡು ಲೋವರ್ ಲಿಂಕಿನ ನಡುವೆ ಅಡ್ಡಕ್ಕೆ ಹಾಕುವ ತೂತುಗಳ ಪಟ್ಟಿ ಇದೆಯಲ್ಲ, ಅದಕ್ಕೆ ಟ್ರೇಲರ್ ಕಟ್ಟುವ ರೂಢಿ ನಮ್ಮಲ್ಲಿ ಬಹಳ. ಆ ಪಟ್ಟಿ ಮೇಲೇಳದಂತೆ ಕೆಳಗಿನಿಂದ ಬಿಗಿಯುವ ಸ್ಟೇ ಇಲ್ಲದಿದ್ದರೆ ಅದಕ್ಕೆ ಭಾರ ಕಟ್ಟಬೇಡಿ. ಲಿಫ್ಟ್ ಲಿವರಿಗೆ ಕೈ ತಗುಲಿ ತೋಳು ಎದ್ದರೆ ಎಳೆತದ ಜಾಗವೂ ಅದರ ಜೊತೆಗೇ ಏಳುತ್ತದೆ.

ಈಗ ಆ ಹುಕ್ಕಿನ ಮಾತು. ಎಳೆತ ಹಿಂದಿನ ಆಕ್ಸಲ್‌ಗಿಂತ ಕೆಳಗಿದ್ದರೆ ಗಾಡಿಯ ಮುಂಭಾಗವನ್ನು ನೆಲಕ್ಕೆ ಹಿಡಿದಿಡಲು ನೆರವಾಗುತ್ತದೆ. ಆಕ್ಸಲ್‌ಗಿಂತ ಮೇಲಿದ್ದರೆ ಅದೇ ಎಳೆತ ಗಾಡಿಯನ್ನು ಹಿಂದಕ್ಕೆ ಮಗುಚುತ್ತದೆ. ಟಾಪ್ ಲಿಂಕಿನ ಕೊಂಡಿ ಆಕ್ಸಲ್‌ಗಿಂತ ಮೇಲಿದೆ. ಸಿಕ್ಕಿಬಿದ್ದ ಟ್ರೇಲರ್ ಅಲುಗಾಡುವುದಿಲ್ಲ, ಗಾಲಿ ಹೂತಿದೆ, ಚಾಲಕ ಕ್ಲಚ್ ಬಿಡುತ್ತಾನೆ. ಗಾಲಿ ತಿರುಗಲಾಗದಿದ್ದಾಗ ಎಂಜಿನ್ ಗಾಡಿಯನ್ನೇ ಆಕ್ಸಲ್ ಸುತ್ತ ತಿರುಗಿಸುತ್ತದೆ. ಇದೆಲ್ಲ ಒಂದೆರಡು ಸೆಕೆಂಡಿನ ಆಟ. ಕಾಲು ಕ್ಲಚ್ಚಿಗೆ ಹೋಗುವಷ್ಟರಲ್ಲಿ ಮುಗಿದಿರುತ್ತದೆ. ನಮ್ಮ ಹಳೇ ಗಾಡಿಗಳಿಗೆ ಮಗುಚಿದರೆ ತಡೆಯುವ ಚೌಕಟ್ಟೂ ಇಲ್ಲ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮಳೆಗಾಲಕ್ಕೆ ಸಿಕ್ಕಿಬೀಳದ ಟ್ರೇಲರ್ ಇಲ್ಲ. ಎಳೆಯುವಾಗ ಸರಪಳಿ ಡ್ರಾಬಾರಿಗೆ ಮಾತ್ರ ಕಟ್ಟಿ. ಟಾಪ್ ಲಿಂಕಿನ ಕೊಂಡಿಗೆ ಬೇಡ, ಆಕ್ಸಲ್ಲಿಗೆ ಸುತ್ತುವುದೂ ಬೇಡ. ನಿಮ್ಮ ಗಾಡಿಗೆ ಅಂಥ ಹುಕ್ಕು ಇದ್ದರೆ ಬೇರೆ ಏನನ್ನೂ ಮಾಡಿಸುವ ಮೊದಲು ಅದನ್ನು ಕತ್ತರಿಸಿ ತೆಗೆಸಿ. ಈ ಒಂದು ಮಾತಿಗೆ ನಾನು ಯಾರ ಮುಂದೆಯೂ ಕೈ ಜೋಡಿಸಿ ನಿಲ್ಲಲು ತಯಾರಿದ್ದೇನೆ.

ಡ್ರಾಫ್ಟ್ ಸಮೇತ ಹಳೇ ಲಿಫ್ಟನ್ನೇ ರಿಪೇರಿ ಮಾಡಿಸುವುದು

ಅಕ್ಕನ ಮಗನಿಗೆ ನಾನು ಹೇಳಿದ್ದು ಇದನ್ನೇ, ಮತ್ತು ಇದಕ್ಕೆ ಕಾರಣ ನಮ್ಮ ಮಣ್ಣು.

ನವಲಗುಂದ, ಅಣ್ಣಿಗೇರಿ, ನರಗುಂದದ ಎರಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲೆ ಒಂದೇ ಬಣ್ಣ ಕಂಡರೂ ಒಳಗೆ ಒಂದೇ ಹದ ಇರುವುದಿಲ್ಲ. ಹತ್ತು ಮಾರು ಮೆತ್ತಗೆ ಹೋಗಿ ಮುಂದೆ ಕರಿಕೆ (ಗರಿಕೆ ಹುಲ್ಲು) ಹೆಣೆದ ಜಾಗ ಬಂದರೆ ನೇಗಿಲು ಕಲ್ಲಿಗೆ ಬಿದ್ದ ಹಾಗೆ ನಿಲ್ಲುತ್ತದೆ. ಡ್ರಾಫ್ಟ್ ಇದ್ದ ಗಾಡಿ ಅಲ್ಲಿ ನೇಗಿಲನ್ನು ಎರಡು ಬೆರಳು ಎತ್ತಿಕೊಂಡು ದಾಟಿ ಮತ್ತೆ ಇಳಿಸುತ್ತದೆ. ಎತ್ತುವ ಆ ಗಳಿಗೆಯಲ್ಲಿ ನೇಗಿಲಿನ ಮತ್ತು ಮಣ್ಣಿನ ಭಾರ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ, ಗಾಲಿ ಜಾರುವುದಿಲ್ಲ. ಟಿಇ20 ಸುಮಾರು 1,100 ಕಿಲೋ ತೂಕದ ಸಣ್ಣ ಗಾಡಿ. ಅಷ್ಟು ಹಗುರ ಗಾಡಿ ನೇಗಿಲು ಎಳೆಯಲು ಸಾಧ್ಯವಾದದ್ದು ಈ ಭಾರದ ವರ್ಗಾವಣೆಯಿಂದ. 35 ಎಚ್‌ಪಿ ಗಾಡಿ ಇಟ್ಟುಕೊಂಡು ಎರಿಯಲ್ಲಿ ಕರಿಕೆ ಕೀಳಬೇಕೆನ್ನುವವರು ಈ ಭಾಗ್ಯವನ್ನು ಕೈಯಾರೆ ಕತ್ತರಿಸಬಾರದು.

ಹಾಗಾದರೆ ರಿಪೇರಿ ಎಲ್ಲಿಂದ ಶುರು? ಪಂಪ್ ಬಿಚ್ಚುವುದರಿಂದ ಅಲ್ಲ. ಹಳೇ ಮ್ಯಾಸಿಯಲ್ಲಿ ಲಿಫ್ಟಿನ ಪಂಪು ಹಿಂದಿನ ಎಣ್ಣೆಯೊಳಗೆ ಮುಳುಗಿದ್ದು, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಸಾಮಾನಿಗೆ ಕೊಡುವ ಪಿಟಿಒ ಶಾಫ್ಟಿನಿಂದ ತಿರುಗುತ್ತದೆ. ಪಿಟಿಒ ಲಿವರ್ ಹಾಕದಿದ್ದರೆ ಲಿಫ್ಟ್ ಏಳುವುದೇ ಇಲ್ಲ. ಲಿಫ್ಟ್ ಸತ್ತಿದೆ ಅಂತ ಗಾಡಿಯ ಬೆನ್ನು ಬಿಚ್ಚಿಸಿ, ಆಮೇಲೆ ಲಿವರ್ ಹಾಕಿರಲಿಲ್ಲ ಅಂತ ಗೊತ್ತಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಎಣ್ಣೆ ನೋಡಿ. ಅಳತೆ ಕೋಲಿನಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ ಅರ್ಥ, ಮೊದಲು ಅದನ್ನು ಬದಲಿಸಬೇಕು.

ನಂತರ ಟಿಲ್ಲರ್ ಕಟ್ಟಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಲಿವರ್ ಮುಟ್ಟದೆ ಐದು ನಿಮಿಷ ನಿಂತು ನೋಡಿ. ತೋಳು ಸ್ಥಿರವಾಗಿ ನಿಂತರೆ ಒಳ್ಳೆಯದು. ಸ್ವಲ್ಪ ಇಳಿದು ಏಳುವುದು, ಇಳಿದು ಏಳುವುದು ಹೀಗೆ ತಲೆ ಹಾಕುತ್ತಿದ್ದರೆ ಒಳಗೆ ಎಲ್ಲೋ ಎಣ್ಣೆ ಸೋರುತ್ತಿದೆ: ಸಿಲಿಂಡರಿನ ರಿಂಗಿನಲ್ಲೋ ವಾಲ್ವಿನಲ್ಲೋ. ಅದು ಗ್ಯಾರೇಜಿನ ಕೆಲಸ.

ಡ್ರಾಫ್ಟ್ ಸ್ಪ್ರಿಂಗಿನ ಪರೀಕ್ಷೆಯನ್ನು ಮಾತ್ರ ನೀವೇ ಮಾಡಬಹುದು, ದುಡ್ಡು ಬೇಡ. ಟಾಪ್ ಲಿಂಕನ್ನು ಬಿಚ್ಚಿ ಇಡಿ. ಗಾಡಿಯ ಬದಿಗೆ ಅದು ಕೂಡುವ ಕೊಂಡಿಯನ್ನು, ಅದೇ ರಬ್ಬರ್ ಟೋಪಿಯ ಹಿಂದಿರುವುದನ್ನು, ಮುಷ್ಟಿಯಲ್ಲಿ ಹಿಡಿದು ನಿಮ್ಮ ಕಡೆ ಎಳೆಯಿರಿ, ತಳ್ಳಿರಿ. ಒಂದು ಕೂದಲೆಳೆಯಷ್ಟೂ ಹಿಂದೆ ಮುಂದೆ ಆಡಬಾರದು. ಅದನ್ನು ತಿರುಗಿಸಿದರೆ ಮಾತ್ರ ಕೈಯಲ್ಲಿ ತಿರುಗಬೇಕು. ನಮ್ಮ ಗಾಡಿಯದು ಎಳೆದರೆ ಟಕ್ ಅಂತಿತ್ತು, ತಳ್ಳಿದರೆ ಟಕ್ ಅಂತಿತ್ತು. ಆ ಎರಡು ಟಕ್ಕಿನ ನಡುವಿನ ಸಡಿಲಿನಲ್ಲಿ ನೇಗಿಲಿನ ಒತ್ತಡದ ಸುದ್ದಿ ವಾಲ್ವಿಗೆ ಮುಟ್ಟುವುದೇ ಇಲ್ಲ. ಆ ಸಡಿಲು ದಾಟಿ ಒಮ್ಮೆಲೇ ಮುಟ್ಟಿದಾಗ ನೇಗಿಲು ಜಿಗಿಯುತ್ತದೆ. ಡ್ರಾಫ್ಟ್ ಅಂದರೆ ಕಿರಿಕಿರಿ ಅಂತ ಮಿಸ್ತ್ರಿ ಹೇಳಿದ್ದು ಇದನ್ನೇ. ತಪ್ಪು ಡ್ರಾಫ್ಟಿನದಲ್ಲ, ಸವೆದ ಕೊಂಡಿಯದು. ಸಡಿಲು ತೆಗೆಸಿದ ದಿನವೇ ಜಿಗಿತ ನಿಂತಿತು.

ಬಾಲುಗಳನ್ನೂ ಹೀಗೇ ನೋಡಬೇಕು. ಹೊಸ ಪಿನ್ನೊಂದನ್ನು ತಂದು ಹಳೇ ಬಾಲಿನೊಳಗೆ ಹಾಕಿ ಅಲುಗಾಡಿಸಿ. ಸವೆದದ್ದು ಪಿನ್ನೋ ಬಾಲೋ ಅಂತ ಆಗ ತಿಳಿಯುತ್ತದೆ. ಲೋವರ್ ಲಿಂಕಿನ ಬಾಲಿನ ಗೂಡು ಸವೆದಿದ್ದರೆ ಬಾಲನ್ನಷ್ಟೇ ಬದಲಿಸಿ ಪ್ರಯೋಜನವಿಲ್ಲ, ತುದಿಯನ್ನೇ ಕತ್ತರಿಸಿ ಹೊಸದನ್ನು ಬೆಸೆಯಬೇಕು. ಗೋಕುಲ ರೋಡಿನ ಲೇತಿನವರಿಗೆ ಇದು ದಿನದ ಕೆಲಸ, ಆದರೆ ಎರಡೂ ತೋಳನ್ನು ಒಟ್ಟಿಗೆ ಒಯ್ಯಿರಿ. ಒಂದೇ ಒಯ್ದರೆ ಉದ್ದ ಹೆಚ್ಚುಕಡಿಮೆಯಾಗಿ ನೇಗಿಲು ಅಡ್ಡ ನಡೆಯುತ್ತದೆ.

ಡ್ರಾಫ್ಟ್ ಕತ್ತರಿಸಿ ಪೊಸಿಷನ್ ಅಷ್ಟೇ ಇಟ್ಟರೆ

ಪೊಸಿಷನ್ ಕೆಟ್ಟದ್ದಲ್ಲ. ಲಿವರ್ ಎಲ್ಲಿಟ್ಟರೆ ತೋಳು ಅಲ್ಲಿ ನಿಲ್ಲುತ್ತದೆ. ಮಣ್ಣು ಪುಡಿ ಮಾಡುವ ರೋಟಾವೇಟರಿಗೆ, ಲೆವೆಲಿಂಗ್ ಬ್ಲೇಡಿಗೆ, ಔಷಧಿ ಹೊಡೆಯುವ ಪಂಪಿಗೆ ಅದೇ ಬೇಕು. ಹಾನಗಲ್ಲು, ಕಲಘಟಗಿ ಕಡೆಯ ಭತ್ತದ ಗದ್ದೆಯಲ್ಲಿ ಕೆಸರು ಮಾಡುವವರಿಗೂ ಡ್ರಾಫ್ಟಿನಿಂದ ಅಂಥ ಲಾಭವಿಲ್ಲ. ಅವರ ಪಾಲಿಗೆ ಮಿಸ್ತ್ರಿಯ ಸಲಹೆ ನಡೆಯುತ್ತದೆ.

ರಂಟೆ, ಟಿಲ್ಲರ್ ಕೆಲಸಕ್ಕೆ ನಡೆಯುವುದಿಲ್ಲ. ತೋಳು ಗಾಡಿಗೆ ಬಿಗಿಯಾಗಿ ನಿಂತರೆ ಗಾಡಿ ತಲೆದೂಗಿದಂತೆಲ್ಲ ಸಾಮಾನೂ ತೂಗುತ್ತದೆ. ಮುಂದಿನ ಗಾಲಿ ಸಣ್ಣ ಒಡ್ಡು ಹತ್ತಿದರೆ ಹಿಂದೆ ಟಿಲ್ಲರ್ ಆಳಕ್ಕೆ ಹೂಳುತ್ತದೆ, ಮುಂದಿನ ಗಾಲಿ ತಗ್ಗಿಗೆ ಇಳಿದರೆ ಟಿಲ್ಲರ್ ಮೇಲೇಳುತ್ತದೆ. ಹೊಲ ಹರಗಿ ಆದ ಮೇಲೆ ನಿಂತು ನೋಡಿದರೆ ಅಲೆ ಅಲೆಯಾಗಿ ಕಾಣುವುದು ಇದರಿಂದ. ಗೂಟದಂತೆ ನಿಂತ ಟಿಲ್ಲರ್ ಗಟ್ಟಿ ಜಾಗದಲ್ಲಿ ಏಳಲಾರದು, ಗಾಲಿ ಜಾರುತ್ತದೆ, ಡೀಸೆಲ್ ಹೊಗೆಯಾಗಿ ಹೋಗುತ್ತದೆ. ಚಾಲಕ ಇಡೀ ದಿನ ಕತ್ತು ತಿರುಗಿಸಿ ಲಿವರ್ ಆಡಿಸುತ್ತಾ ಕೂರಬೇಕು. ಕಪ್ಪತಗುಡ್ಡದ ಬುಡದಲ್ಲಿ, ಮುಂಡರಗಿ ಕಡೆಯ ಕಲ್ಲು ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಇದು ಇನ್ನೂ ಕಷ್ಟ. ಕಲ್ಲಿಗೆ ಹೊಡೆದಾಗ ಬಿಟ್ಟುಕೊಡುವ ಜೀವವೇ ಇಲ್ಲದ ಲಿಫ್ಟಿನಲ್ಲಿ ಬಾಗುವುದು ಟಾಪ್ ಲಿಂಕು, ಮುರಿಯುವುದು ಟಿಲ್ಲರಿನ ಹಲ್ಲು.

ಒಂದನೇ ನಂಬರಿನ ತೋಳೋ, ಎರಡನೆಯದೋ

ಮೂರು ತೋಳಿನ ಅಳತೆಗೆ ನಂಬರುಗಳಿವೆ. ಕೆಟಗರಿ 1ರಲ್ಲಿ ಕೆಳಗಿನ ಪಿನ್ 22 ಮಿಲಿಮೀಟರ್, ಮೇಲಿನದು 19. ಕೆಟಗರಿ 2ರಲ್ಲಿ ಕೆಳಗೆ 28, ಮೇಲೆ 25. ಸಾಮಾನಿನ ಕೆಳಗಿನ ಎರಡು ಪಿನ್ನುಗಳ ನಡುವಿನ ಅಂತರ ಒಂದನೆಯದರಲ್ಲಿ 683 ಮಿಲಿಮೀಟರ್, ಎರಡನೆಯದರಲ್ಲಿ 825. ಸುಮಾರು 45 ಎಚ್‌ಪಿವರೆಗಿನ ಗಾಡಿಗೆ ಒಂದು, ಅದರ ಮೇಲಿನವಕ್ಕೆ ಎರಡು. ನಡುವಿನ ಗಾಡಿಗಳಿಗೆ ಎರಡೂ ನಡೆಯುತ್ತವೆ.

ಎರಡನೇ ನಂಬರಿನ ಬಾಲಿಗೆ ಒಂದನೇ ನಂಬರಿನ ಪಿನ್ ಕೂರಿಸಲು ಅದಕ್ಕೆಂದೇ ಮಾಡಿದ ಬುಶ್ ಅಂಗಡಿಯಲ್ಲಿ ಸಿಗುತ್ತದೆ, ಹೊರಗೆ 28 ಒಳಗೆ 22. ಪೈಪ್ ತುಂಡು ಹಾಕಬೇಡಿ. ಪೈಪ್ ಮೆತ್ತಗಿನ ಕಬ್ಬಿಣ, ಒಂದೇ ಸುಗ್ಗಿಗೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಂದು ಕಡೆ ಮಾತ್ರ ಸಡಿಲಾದಾಗ ಭಾರವೆಲ್ಲ ಇನ್ನೊಂದು ತೋಳಿಗೆ ಬೀಳುತ್ತದೆ. ಸಣ್ಣ ಗಾಡಿಗೆ ಎರಡನೇ ನಂಬರಿನ ದಪ್ಪ ತೋಳು ಹಾಕಿಸಬೇಕೇ ಅಂದರೆ ನನ್ನ ಉತ್ತರ ಬೇಡ. ತೋಳು ದಪ್ಪವಾದರೂ ಪಂಪು ಅದೇ, ಮುಂದಿನ ಆಕ್ಸಲ್ ಅದೇ. ಎರಡನೇ ನಂಬರಿನ ಸಾಮಾನು ನಿಮ್ಮ ಗಾಡಿಗೆ ಕೂಡದಿದ್ದರೆ, ಈ ಭಾರ ನಿನ್ನದಲ್ಲ ಅಂತ ಆ ಸಾಮಾನೇ ಹೇಳುತ್ತಿದೆ ಅಂದುಕೊಳ್ಳಿ.

ಕ್ವಿಕ್ ಹಿಚ್

ತ್ರಿಕೋನದ ಚೌಕಟ್ಟೊಂದು ಗಾಡಿಯ ಮೂರು ತೋಳಿಗೆ ಕಾಯಂ ಕೂತಿರುತ್ತದೆ, ಸಾಮಾನಿಗೆ ಅದರ ಜೋಡಿ. ಹಿಂದೆ ಬಂದು ಎತ್ತಿದರೆ ಕಚ್ಚಿಕೊಳ್ಳುತ್ತದೆ. ದಿನಕ್ಕೆ ನಾಲ್ಕು ಸಲ ಸಾಮಾನು ಬದಲಿಸುವವರಿಗೆ, ಒಬ್ಬರೇ ದುಡಿಯುವವರಿಗೆ, ಬೆನ್ನು ನೋವಿನವರಿಗೆ ಇದು ದೊಡ್ಡ ಉಪಕಾರ. ಗಾಡಿ ಮತ್ತು ಸಾಮಾನಿನ ನಡುವೆ ನಿಂತು ಪಿನ್ ಹಾಕುವ ಅಪಾಯವೂ ತಪ್ಪುತ್ತದೆ.

ಆದರೆ ಅದು ಸಾಮಾನನ್ನು ಹತ್ತು ಹದಿನೈದು ಸೆಂಟಿಮೀಟರ್ ಹಿಂದಕ್ಕೆ ತಳ್ಳುತ್ತದೆ. ಹದಿನೈದು ಸೆಂಟಿಮೀಟರ್ ಏನು ಮಹಾ ಅನ್ನಬೇಡಿ. ಒಂದು ಲೆಕ್ಕ ಹಾಕೋಣ. ಗಾಡಿ 1,700 ಕಿಲೋ ಇದೆ, ಅದರಲ್ಲಿ 650 ಮುಂದಿನ ಗಾಲಿಯ ಮೇಲಿದೆ, ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 1.83 ಮೀಟರ್ ಅಂತ ಇಟ್ಟುಕೊಳ್ಳಿ. 400 ಕಿಲೋ ರೋಟಾವೇಟರಿನ ಭಾರದ ನಡು ಹಿಂದಿನ ಆಕ್ಸಲ್‌ನಿಂದ 1.4 ಮೀಟರ್ ಹಿಂದಿದೆ ಅನ್ನಿ. ಎತ್ತಿದಾಗ ಮುಂದಿನ ಗಾಲಿಯಿಂದ ಕಳೆಯುವ ಭಾರ 400 ಗುಣಿಸು 1.4, ಭಾಗಿಸು 1.83, ಅಂದರೆ 306 ಕಿಲೋ. ಉಳಿದದ್ದು 344. ಸ್ಟೇರಿಂಗ್ ಕೈ ಮಾತು ಕೇಳಬೇಕಾದರೆ ಗಾಡಿಯ ತೂಕದ ಐದರಲ್ಲಿ ಒಂದು ಪಾಲಾದರೂ ಮುಂದೆ ಇರಬೇಕು, ಇಲ್ಲಿ ಅದು 340 ಕಿಲೋ. ಕೂದಲೆಳೆಯಲ್ಲಿ ಪಾರು. ಕ್ವಿಕ್ ಹಿಚ್ ಹಾಕಿ 1.4ನ್ನು 1.55 ಮಾಡಿದರೆ ಕಳೆಯುವುದು 339, ಉಳಿಯುವುದು 311. ಬದು ಹತ್ತುವಾಗ ಮುಂದಿನ ಗಾಲಿ ನೆಲ ಬಿಡಬಹುದು. ಜೊತೆಗೆ ಪಿಟಿಒ ಶಾಫ್ಟಿನ ಎರಡು ಭಾಗ ಒಂದರೊಳಗೊಂದು ಕೂತಿರುವ ಉದ್ದವೂ ಅಷ್ಟೇ ಕಡಿಮೆಯಾಗುತ್ತದೆ. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟ್ ಕಳಚಿ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಸಣ್ಣ ಹಳೇ ಗಾಡಿಗೆ ಕ್ವಿಕ್ ಹಿಚ್ ಬೇಕೇ ಬೇಕೆಂದರೆ ಮುಂದೆ ವೇಟ್ ಹಾಕಿಸಿ, ಶಾಫ್ಟ್ ಅಳೆಸಿ. ಟಿಲ್ಲರ್, ಕೂರಿಗೆಯಂಥ ಹಗುರ ಸಾಮಾನಿಗೆ ಇಟ್ಟುಕೊಳ್ಳಿ. ಭಾರದ ರೋಟಾವೇಟರಿಗೆ ಹಳೇ ಪಿನ್ನೇ ಇರಲಿ.

ಹೊಲಕ್ಕಿಳಿದ ಮೇಲೆ

ಯಾವುದನ್ನೇ ಹಾಕಿಸಿದರೂ ಹೊಂದಾಣಿಕೆ ತಪ್ಪಿದರೆ ದುಡ್ಡು ದಂಡ. ಪಲ್ಟಿ ನೇಗಿಲು ಹೊಡೆಯುವಾಗ ಚೆಕ್ ಚೈನ್ ಸಡಿಲ ಇರಲಿ, ನೇಗಿಲು ತನ್ನ ದಾರಿ ತಾನು ಹುಡುಕಿಕೊಳ್ಳುತ್ತದೆ. ಕೂರಿಗೆಗೆ, ರೋಟಾವೇಟರಿಗೆ, ಬ್ಯಾಡಗಿ ಕಡೆ ಮೆಣಸಿನಗಿಡದ ಸಾಲಿನಲ್ಲಿ ಎಡೆ ಹೊಡೆಯುವವರಿಗೆ ಬಿಗಿ ಇರಬೇಕು. ಅಲ್ಲಿ ನಾಲ್ಕು ಬೆರಳು ಓಲಾಡಿದರೂ ಗಿಡ ಹೋಗುತ್ತದೆ. ಬಲಗಾಲಿ ಸಾಲಿನೊಳಗೆ ಇಳಿದಾಗ ಗಾಡಿ ಬಲಕ್ಕೆ ವಾಲುತ್ತದೆ, ಆಗ ಬಲಗಡೆ ಲಿಫ್ಟ್ ರಾಡಿನ ಹಿಡಿಕೆ ತಿರುಗಿಸಿ ಗಿಡ್ಡ ಮಾಡಿ ನೇಗಿಲನ್ನು ಸಮ ಮಾಡಬೇಕು. ಟಾಪ್ ಲಿಂಕ್ ಗಿಡ್ಡ ಮಾಡಿದರೆ ನೇಗಿಲಿನ ಮೂತಿ ಕೆಳಗಾಗಿ ಬೇಗ ಕಚ್ಚುತ್ತದೆ, ಉದ್ದ ಮಾಡಿದರೆ ತೇಲುತ್ತದೆ. ಅಪ್ಪ ಮಿಣಿ ಬಿಗಿಯುತ್ತಿದ್ದ ಲೆಕ್ಕವೇ ಇದು.

ಹುಕ್ಕನ್ನು ನಾವು ಗಾಡಿ ಬಂದ ಮರುದಿನವೇ ಗ್ಯಾಸ್ ಕಟರ್ ಹಿಡಿಸಿ ತೆಗೆಸಿದೆವು. ಬಾಲು, ಬುಶ್, ಎರಡೂ ಕಡೆಯ ಚೆಕ್ ಚೈನ್, ಸ್ಪ್ರಿಂಗಿನ ಸಡಿಲು ಒಂದು ವಾರದಲ್ಲಿ ಮುಗಿದವು. ಪಂಪು ಮುಟ್ಟಲಿಲ್ಲ. ಯುಗಾದಿಗೆ ಮುಂಚೆ ಕರಿಕೆ ಹೆಣೆದ ಎರಡು ಎಕರೆ ತುಂಡಿಗೆ ಇಳಿಸಿದೆವು. ಹುಡುಗ ಮೊದಲ ಸಾಲಿನಲ್ಲಿ ಅಭ್ಯಾಸಬಲದಿಂದ ಲಿವರಿಗೆ ಕೈ ಹಾಕಿದ. ಕೈ ತೆಗಿ ಅಂದೆ. ಕರಿಕೆ ಬಂದಲ್ಲಿ ಎಂಜಿನ್ ಒಂದು ಸಲ ಗುರ್ ಅಂದು ದನಿ ತಗ್ಗಿಸಿತು, ತೋಳು ಎರಡು ಬೆರಳು ಎದ್ದಿತು, ಮತ್ತೆ ಇಳಿಯಿತು. ಅವನು ಹಿಂದಿರುಗಿ ನೋಡಿ, "ತಾನ ಎತ್ತಿಕೊಳ್ಳಾಕತ್ತೈತಲ್ರಿ ಮಾಮಾ" ಅಂದ. ಸಾಲಿನ ಕೊನೆಗೆ ಇಳಿದು, ಮುರಿದ ಮಣ್ಣಿನೊಳಗೆ ಕೋಲು ಚುಚ್ಚಿ ಮೂರು ಕಡೆ ಆಳ ಅಳೆದೆವು. ಆಮೇಲೆ ಡ್ರಾಫ್ಟ್ ಲಿವರ್ ನಿಂತಿದ್ದ ಜಾಗಕ್ಕೆ ಕೆಂಪು ಬಣ್ಣದ ಒಂದು ಗೆರೆ ಎಳೆದ.